ಮಾಸ್ಟರ್ ಕೈಯೊಳಗೆ ಯಾವ ಚಿಪ್ ಹಾಕೋದು?

ನಿಮಗೂ ಹೀಗೆ ಆಗಿದೆಯಾ? ವರ್ಷಗಟ್ಟಲೆ ದುಡಿದ ಜಾಗದ ಬಾಗಿಲೇ ಒಂದು ಬೆಳಿಗ್ಗೆ ಕೆಂಪು ದೀಪ ಹಾಕಿಕೊಂಡು ನಿಮ್ಮನ್ನು ಹೊರಗೆ ನಿಲ್ಲಿಸಿದೆಯಾ? ಬೆರಳು ಒರೆಸಿ, ಬಾಯಿಂದ ಊದಿ, ಪ್ಯಾಂಟಿಗೆ ತಿಕ್ಕಿ ಮತ್ತೆ ಇಟ್ಟರೂ ಬೆರಳು ಓದುವ ಆ ಡಬ್ಬಿ ಕುಂಯ್ ಅಂದು ಸುಮ್ಮನಾಗಿದೆಯಾ? ಹಿಂದೆ ಸಾಲಿನಲ್ಲಿ ನಿಂತವರು ನಿಮ್ಮನ್ನು ಕಳ್ಳರ ಹಾಗೆ ನೋಡಿದ್ದಾರಾ? ಆಗಿದ್ದರೆ ಕೂತುಕೊಂಡು ಓದಿ. ಆಗಿಲ್ಲ ಅಂದರೂ ಓದಿ, ಸ್ವಲ್ಪ ನಗು ಬಂದರೆ ನಷ್ಟವೇನಿಲ್ಲ.

ನನ್ನ ಕೆಲಸ ಬಾಗಿಲುಗಳದ್ದು. ಕೊಯಮತ್ತೂರಿನ ಕುರಿಚಿಯಲ್ಲಿ, ಫೌಂಡ್ರಿಗಳ ನಡುವೆ, ನಮ್ಮದೊಂದು ಸಣ್ಣ ಕಂಪನಿ ಇದೆ. ಕಾರ್ಡ್ ತೋರಿಸಿದರೆ ತೆರೆಯುವ ಬೀಗ, ಬೆರಳಿಟ್ಟರೆ ತೆರೆಯುವ ಬೀಗ, ಇಂಥವನ್ನು ಕಾರ್ಖಾನೆಗಳಲ್ಲಿ ಕೂರಿಸುತ್ತೇವೆ, ಕೆಟ್ಟರೆ ಸರಿ ಮಾಡುತ್ತೇವೆ. ದಾವಣಗೆರೆಯವಳು ಇಲ್ಲಿಗೆ ಹೇಗೆ ಬಂದೆ ಅಂತ ಕೇಳಬೇಡಿ, ಅದರಲ್ಲಿ ಮಜಾ ಇಲ್ಲ. ಮಜಾ ಇರುವುದು ತಿರುಪ್ಪೂರಿನ ಹೊರಗಿರುವ ಒಂದು ಬಣ್ಣದ ಕಾರ್ಖಾನೆಯಲ್ಲಿ. ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಆ ಜಾಗವನ್ನು ಅಲ್ಲಿಯವರು ಸಾಯಪಟ್ಟರೆ ಅಂತಾರೆ, ಸಾಯ ಅಂದರೆ ಬಣ್ಣ.

ಅಲ್ಲಿನ ಡೈಯಿಂಗ್ ಮಾಸ್ಟರ್ ಐವತ್ತು ದಾಟಿದವರು. ಮಾತು ಜೋರು, ನಗು ಅದಕ್ಕಿಂತ ಜೋರು. ಅನ್ನೂರಿನ ಕಡೆಯ ನೇಕಾರರ ಮನೆತನ. ತಲೆತಲಾಂತರದಿಂದ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಮೊದಲ ಸಲ ಅಲ್ಲಿಗೆ ಹೋದಾಗ ಫೋನಿನಲ್ಲಿ ನಮ್ಮ ಆಫೀಸಿನ ಹುಡುಗಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಕೈಯೆಲ್ಲ ನೀಲಿಯಾಗಿದ್ದ ಈ ಮನುಷ್ಯ ಬಂದು ಎದುರಿಗೆ ನಿಂತು ಪೂರ್ತಿ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ, "ಸೆರಿಯಾ ಬೈತೀಯ ಅಮ್ಮಣಿ. ನೀ ನಮ್ಮವಳೇ" ಅಂದರು. ಅವತ್ತಿನಿಂದ ಆ ಕಾರ್ಖಾನೆಯ ದೂರುಗಳೆಲ್ಲ ನನ್ನ ಪಾಲಿಗೇ ಬಂದವು.

ಈಗ ವಿಷಯ. ಆ ಕಾರ್ಖಾನೆಯಲ್ಲಿ ಡೈ ಪೌಡರ್ ಮತ್ತು ಕೆಮಿಕಲ್ ಇಡುವ ಒಂದು ಕೋಣೆ ಇದೆ. ಅಲ್ಲಿಂದ ತೂಗಿ ತಂದ ಪುಡಿಯೇ ಬಟ್ಟೆಯ ಬಣ್ಣ ತೀರ್ಮಾನಿಸುವುದು. ಆ ಕೋಣೆ ಮಾಸ್ಟರ್ ವಶದಲ್ಲಿತ್ತು. ಬಾಗಿಲು ತೆರೆಯಲು ಅವರಿಗೊಂದು ಕಾರ್ಡ್ ಕೊಟ್ಟಿದ್ದೆವು. ಆದರೆ ಬಣ್ಣದ ಮೆಷಿನ್‌ಗಳ ಹತ್ತಿರ ಕೊರಳಿಗೆ ಏನನ್ನೂ ನೇತುಹಾಕಿಕೊಳ್ಳುವಂತಿಲ್ಲ. ತಿರುಗುವ ರೋಲರಿಗೆ ದಾರ ಸಿಕ್ಕಿಕೊಂಡರೆ ಕತ್ತು ಉಳಿಯುವುದಿಲ್ಲ. ಜೇಬಿನಲ್ಲಿಟ್ಟರೆ ಕಾರ್ಡ್ ಬ್ಲೀಚಿನಲ್ಲಿ ನೆನೆದು ಬೆಳ್ಳಗಾಗುತ್ತದೆ. ಹಾಗಾಗಿ ಮಾಸ್ಟರ್ ಆ ಕಾರ್ಡನ್ನು ಬಾಗಿಲ ಪಕ್ಕದಲ್ಲೇ ಒಂದು ಮೊಳೆ ಹೊಡೆದು ನೇತುಹಾಕಿದ್ದರು. ಯಾರಿಗೆ ಪುಡಿ ಬೇಕೋ ಅವರು ಮೊಳೆಯಿಂದ ತೆಗೆದು, ರೀಡರಿಗೆ ತೋರಿಸಿ, ಒಳಗೆ ಹೋಗಿ, ತೂಗಿಕೊಂಡು ಬಂದು, ಮತ್ತೆ ಮೊಳೆಗೆ ಹಾಕುವುದು. ಬೀಗದ ಪಕ್ಕದಲ್ಲೇ ಬೀಗದ ಕೈ. ಎಲ್ಲರಿಗೂ ಅನುಕೂಲವಾಗಿತ್ತು. ನಾನೂ ನೋಡಿ ನಕ್ಕು ಸುಮ್ಮನಾಗಿದ್ದೆ.

ವಿದೇಶದ ಖರೀದಿದಾರರ ಕಡೆಯಿಂದ ಬಂದ ಆಡಿಟರ್ ಮಾತ್ರ ನಗಲಿಲ್ಲ. ಮೊಳೆಯ ಫೋಟೊ ತೆಗೆದರು. ಇನ್ನೊಬ್ಬರ ಕೈಗೆ ಕೊಡಲು ಬರುವಂಥ ಯಾವುದೂ ಆ ಬಾಗಿಲಿಗೆ ನಡೆಯುವುದಿಲ್ಲ, ಒಳಗೆ ಹೋಗುವವರ ಗುರುತು ಅವರ ಮೈಯಲ್ಲೇ ಇರಬೇಕು, ಮುಂದಿನ ಸಲ ಬಂದಾಗ ಸರಿಯಾಗಿರಲಿ ಎಂದು ಬರೆದಿಟ್ಟು ಹೋದರು.

ಇದೇನು ಮಹಾ, ಬೆರಳಿನ ಗುರುತು ಓದುವ ರೀಡರ್ ಹಾಕಿದರಾಯಿತು ಅಂದುಕೊಂಡು ಹೋದೆ. ಮಾಸ್ಟರ್ ಹತ್ತು ಬೆರಳನ್ನೂ ಇಟ್ಟು ನೋಡಿದರು. ಒಂದೂ ಹಿಡಿಯಲಿಲ್ಲ. ಸೋಡಾ, ಪೆರಾಕ್ಸೈಡ್, ಕುದಿಯುವ ನೀರು, ಇಷ್ಟು ವರ್ಷ ಇವುಗಳಲ್ಲೇ ಅದ್ದಿದ ಬೆರಳುಗಳು. ತುದಿಗಳು ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ನುಣ್ಣಗಾಗಿವೆ.

"ಗೆರೆ ಎಲ್ಲಾ ಸಾಯ ತಿಂದುಬಿಡ್ತು, ಅಮ್ಮಣಿ. ಮೆಷಿನ್ ಏನ್ ಮಾಡ್ತದೆ, ಪಾವಂ" ಅಂತ ಅವರೇ ಮೆಷಿನ್ನಿಗೆ ಸಮಾಧಾನ ಹೇಳಿದರು.

ಮುಖ ಓದುವ ಕ್ಯಾಮೆರಾ ತಂದೆ. ಆ ಬಾಗಿಲ ಎದುರಿಗೇ ಆವಿ ಉಗುಳುವ ಮೆಷಿನ್‌ಗಳು. ಕ್ಯಾಮೆರಾದ ಗಾಜು ಮಂಜಾಗುತ್ತದೆ, ಮಾಸ್ಟರ್ ಕನ್ನಡಕವೂ ಮಂಜಾಗುತ್ತದೆ, ಮೂಗು ಬಾಯಿ ಮಾಸ್ಕಿನೊಳಗೆ. ಕ್ಯಾಮೆರಾ ಅವರನ್ನು ಒಂದು ಸಲ ಸರಿಯಾಗಿ ಗುರುತಿಸಿತು, ಆಮೇಲೆ ಅವರ ಪಕ್ಕದಲ್ಲಿದ್ದ ನೀಲಿ ಡ್ರಮ್ಮನ್ನೂ ಮುಖ ಅಂತ ಹಿಡಿಯಲು ನೋಡಿತು. ಕಣ್ಣು ಓದುವ ಯಂತ್ರದ ಬೆಲೆ ಕೇಳಿದ ಮ್ಯಾನೇಜರ್ ನನಗೆ ಟೀ ತರಿಸಿ ಮಾತು ಬದಲಾಯಿಸಿದರು.

ಆಮೇಲೆ ಅವರು ಅಸಲು ಮಾತು ಹೇಳಿದರು. ಆಡಿಟ್ ಬರುವುದರೊಳಗೆ ದಾರಿ ಸಿಗದಿದ್ದರೆ ಕೋಣೆಯ ಜವಾಬ್ದಾರಿ ಸ್ಟೋರ್‌ಕೀಪರಿಗೆ ಹೋಗುತ್ತದೆ. ಅವನ ಬೆರಳು ಚೆನ್ನಾಗಿದೆ. ಮಾಸ್ಟರಿಗೆ ಏನು ಬೇಕೋ ಚೀಟಿ ಬರೆದು ಕೊಟ್ಟರೆ ಅವನು ತೂಗಿ ಕೊಡುತ್ತಾನೆ. ಮ್ಯಾನೇಜರ್ ಕೆಟ್ಟವರಲ್ಲ, ಹೇಳುವಾಗ ತಲೆ ತಗ್ಗಿಸಿಕೊಂಡೇ ಹೇಳಿದರು. ಮಾಸ್ಟರ್ ಮಾತ್ರ ಅವತ್ತು ನಗಲಿಲ್ಲ. ಹೊರಗೆ ಬಂದು, ತೊಟ್ಟಿಯ ಕಟ್ಟೆಯ ಮೇಲೆ ಕೂತು, ಮೆಲ್ಲಗೆ ನನಗೆ ಹೇಳಿದರು.

"ಬಣ್ಣ ಕೇಳಿ ಈಸ್ಕೊಳ್ಳೋ ಮಾಸ್ಟರ್ ಆಗಿ ನಾನು ಇಲ್ಲಿರಾದಿಲ್ಲ, ಅಮ್ಮಣಿ. ಆ ಕದವು ನಂಗೆ ತೆರೀಲಿಲ್ಲ ಅಂದ್ರೆ ಮನೆಗೆ ಹೋಗ್ತೀನಿ."

ತಮಾಷೆಗೆ ಹೇಳಿದ ಮಾತಲ್ಲ. ಬಣ್ಣ ಅರ್ಧ ಏರಿದ ಮೇಲೆ ಬಟ್ಟೆ ನೋಡಿ, ಒಂದು ಚಿಟಿಕೆ ಕೆಂಪು ಬೇಕು ಅನ್ನಿಸಿದರೆ ಓಡಿಹೋಗಿ ತರುವವರು ಅವರು. ಚೀಟಿ ಬರೆದು ಸ್ಟೋರ್‌ಕೀಪರನ್ನು ಹುಡುಕುವಷ್ಟರಲ್ಲಿ ಆ ಬಟ್ಟೆಯ ಗತಿ ಮುಗಿದಿರುತ್ತದೆ. ಅವರ ಕೆಲಸವೇ ಆ ಬಾಗಿಲಲ್ಲಿತ್ತು.

ಮುಂದಿನ ವಾರ ಅವರದೇ ಫೋನು. ದನಿ ಮತ್ತೆ ಜೋರಾಗಿತ್ತು. ವೆಳ್ಳಕೋಯಿಲಿನಲ್ಲಿರುವ ಹೆಂಡತಿಯ ತಮ್ಮನ ಮನೆಗೆ ಹೋಗಿದ್ದರಂತೆ. ಅವನು ಸಾಕಿದ ಜಾತಿ ನಾಯಿಯ ಕತ್ತಿನೊಳಗೆ ಅಕ್ಕಿಕಾಳಿನಂಥ ಚಿಪ್ ಹಾಕಿಸಿದ್ದಾನಂತೆ. ದನದ ಡಾಕ್ಟರ್ ಬಂದು ಒಂದು ಡಬ್ಬಿ ಹಿಡಿದರೆ ನಾಯಿಯ ನಂಬರ್ ಬರುತ್ತದಂತೆ.

"ಮಚ್ಚಾನ್ ನಾಯಿಗೇ ಮೈಯೊಳಗೆ ಐಡಿ ಕಾರ್ಡ್ ಇದೆ. ನನ್ನ ಕೈಯೊಳಗೆ ಒಂದು ಹಾಕು."

ನಾನು ನಕ್ಕೆ. ಫೋನಿಟ್ಟ ಮೇಲೆ ನಗು ನಿಂತಿತು. ಮೈಯಲ್ಲೇ ಇರಬೇಕು, ಇನ್ನೊಬ್ಬರಿಗೆ ಕೊಡಲು ಬರಬಾರದು. ಆಡಿಟರ್ ಕೇಳಿದ್ದು ಇದನ್ನೇ ಅಲ್ಲವಾ? ಮನುಷ್ಯರ ಕೈಗೆಂದೇ ಮಾಡಿದ ಚಿಪ್‌ಗಳಿವೆ, ಹೊರದೇಶಗಳಲ್ಲಿ ಜನ ಹಾಕಿಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ನನ್ನ ರೀಡರಿಗೆ ಯಾವುದು ಹೊಂದುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮ್ಯಾನೇಜರಿಗೆ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಬಣ್ಣ ಪರೀಕ್ಷಿಸುವ ಲ್ಯಾಬಿನವರಿಗೆಲ್ಲ ಹಾಕಿಸೋಣ ಅಂದುಬಿಟ್ಟರು. ನಾನು ಮುಖಕ್ಕೆ ಹೊಡೆದ ಹಾಗೆ ಹೇಳಿದೆ: ಕಂಪನಿ ಹೇಳಿ ಯಾರ ಮೈಯೊಳಗೂ ಏನೂ ಹೋಗಬಾರದು. ಮಾಸ್ಟರ್ ತಾವಾಗಿಯೇ ಕೇಳಿದ್ದಾರೆ, ಅವರೊಬ್ಬರಿಗೆ ಮಾತ್ರ. ನಾಳೆ ಬೇಡ ಅಂದರೆ ತೆಗೆಸುವ ಖರ್ಚೂ ಕಂಪನಿಯದೇ. ಇದನ್ನು ಬರೆದು ಕೊಡಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟುತ್ತೇನೆ. ಬರೆದು ಕೊಟ್ಟರು. ಆಡಿಟರಿಗೂ ಮೇಲ್ ಹಾಕಿ ಕೇಳಿದರು. ಇಂಥದ್ದನ್ನು ಇದುವರೆಗೆ ನೋಡಿಲ್ಲ, ನಿಯಮದಲ್ಲಿ ಬೇಡ ಅಂತಲೂ ಇಲ್ಲ, ಬಂದು ನೋಡಿ ಹೇಳುತ್ತೇನೆ ಅಂತ ಉತ್ತರ ಬಂತು.

ಮೊದಲ ಪೆಟ್ಟು ಬೇಗನೇ ಬಿತ್ತು. ಮಾಸ್ಟರ್ ಆ ದನದ ಡಾಕ್ಟರನ್ನು ಕಾಡಿ ನಾಯಿಯ ಚಿಪ್ ಒಂದನ್ನು ಇಸಿದುಕೊಂಡು ಬಂದಿದ್ದರು. ಕೊಡುವಾಗಲೇ ಡಾಕ್ಟರ್, ಇದನ್ನು ಮನುಷ್ಯರಿಗೆ ಚುಚ್ಚುವುದಿಲ್ಲ, ನೋಡುವುದಕ್ಕೆ ಮಾತ್ರ ಅಂದಿದ್ದರಂತೆ. ಗಾಜಿನ ಸಣ್ಣ ಕೊಳವೆ, ಒಳಗೆ ಕೂದಲಿನಂಥ ತಾಮ್ರದ ತಂತಿ ಸುತ್ತಿದೆ. ಬ್ಯಾಟರಿ ಇಲ್ಲ. ರೀಡರ್ ಹತ್ತಿರ ಬಂದಾಗ ಅದರ ಅಲೆಯಿಂದಲೇ ಕರೆಂಟ್ ಪಡೆದು ತನ್ನ ನಂಬರ್ ಹೇಳುತ್ತದೆ. ನಮ್ಮ ಗೇಟಿನ ಹಳೆಯ ರೀಡರ್ 125 ಕಿಲೋಹರ್ಟ್ಸ್, ನಾಯಿಯ ಚಿಪ್ 134 ಚಿಲ್ಲರೆ. ಇಷ್ಟು ಹತ್ತಿರ ಇದೆಯಲ್ಲ, ಹಿಡಿದರೂ ಹಿಡಿಯಬಹುದು ಅಂತ ನಾನು ಅಂದಾಜು ಕಟ್ಟಿದೆ. ಗೇಟಿನ ಮುಂದೆ ನಿಂತು ಆ ಕೊಳವೆಯನ್ನು ಮೇಲೆ ಕೆಳಗೆ, ಅಡ್ಡ ಉದ್ದ, ದೇವರಿಗೆ ಆರತಿ ಎತ್ತಿದ ಹಾಗೆ ತಿರುಗಿಸಿದೆ. ರೀಡರ್ ಉಸಿರೆತ್ತಲಿಲ್ಲ. ಅಲೆಯ ಲೆಕ್ಕ ಬೇರೆ, ಮಾತಾಡುವ ರೀತಿಯೂ ಬೇರೆ. ವಾಚ್‌ಮ್ಯಾನ್ ನೋಡಿ ನೋಡಿ ಸಾಕಾಗಿ ತಾನೇ ಗೇಟ್ ತೆಗೆದ.

ಎರಡನೆಯದು ನನ್ನ ದುರಾಸೆ. ಗೇಟಿನಲ್ಲಿ ಹಳೆಯ 125ರ ರೀಡರ್, ಬಣ್ಣದ ಕೋಣೆಗೆ ನಾವೇ ಹೊಸದಾಗಿ ಹಾಕಿದ 13.56 ಮೆಗಾಹರ್ಟ್ಸ್ ರೀಡರ್. ಎರಡಕ್ಕೂ ಮಾತಾಡುವ ಜೋಡಿ ಚಿಪ್ ಸಿಗುತ್ತದೆ ಅಂತ ಓದಿದ್ದೇ ತಡ, ಒಂದೇ ಕೈಗೆ ಎಲ್ಲ ಬಾಗಿಲೂ ತೆರೆದರೆ ಎಷ್ಟು ಚಂದ ಅಂತ ಮನಸ್ಸು ಕುಣಿಯಿತು. ಪರೀಕ್ಷೆಗೆ ಒಂದು ತರಿಸಿದೆ. ಗೇಟು ತೆರೆಯಿತು. ಬಣ್ಣದ ಕೋಣೆಯ ಬೀಗ ಮಾತ್ರ ಇದನ್ನು ಗುರುತಿಸಲಿಲ್ಲ. ಚಿಪ್ಪಿನ ನಂಬರ್ ಉದ್ದ, ನಮ್ಮ ಕಂಟ್ರೋಲರ್ ಅದರಲ್ಲಿ ಅರ್ಧದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಕುತ್ತಿತ್ತು. ಸೆಟ್ಟಿಂಗ್ ಬದಲಿಸಿ ಅದನ್ನೂ ಸರಿ ಮಾಡಿದೆ. ಆಗ ಆಡಿಟರಿಂದ ಇನ್ನೊಂದು ಮೇಲ್ ಬಂತು. ಚಿಪ್ ಬರೀ ನಂಬರ್ ಹೇಳುವಂಥದ್ದಾದರೆ ಆ ನಂಬರನ್ನು ಕದ್ದು ಇನ್ನೊಂದು ಕಾರ್ಡಿಗೆ ಹಾಕಲು ಬರುತ್ತದಾ ಅಂತ ಕೇಳಿದ್ದರು.

ಬರುತ್ತದೆ. ನನ್ನ ಗೇಟ್ ಕಾರ್ಡಿನ ನಂಬರನ್ನೇ ಖಾಲಿ ಕಾರ್ಡಿಗೆ ಇಳಿಸಿ ನೋಡಿದೆ. ಟೀ ಆರುವುದರೊಳಗೆ ಕೆಲಸ ಮುಗಿಯಿತು. ಜೋಡಿ ಚಿಪ್ಪಿಗೂ ಅದೇ ಹಣೆಬರಹ. ಬೇಕಾದದ್ದು ಬೇರೆ ಜಾತಿ. ರೀಡರ್ ಪ್ರತಿ ಸಲವೂ ಹೊಸ ಪ್ರಶ್ನೆ ಕೇಳುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಕೀಲಿ ಬಳಸಿ ಉತ್ತರ ಕೊಡುತ್ತದೆ, ಪಕ್ಕದಲ್ಲಿ ನಿಂತು ಕದ್ದು ಕೇಳಿದವನಿಗೆ ಏನೂ ಉಪಯೋಗವಿಲ್ಲ. ಅಂಥ ಚಿಪ್ ಗಾಜಿನ ಕೊಳವೆಯಲ್ಲಿ ಸಿಗುತ್ತಿತ್ತು. ಆದರೆ ಅದು ಹಳೆಯ ಗೇಟನ್ನು ತೆರೆಯುವುದಿಲ್ಲ. ಎರಡನ್ನೂ ಮಾಡುವ ಚಿಪ್ ಹುಡುಕಿ ಹುಡುಕಿ ದಿನ ಕಳೆದೆ. ಗೇಟಿನ ರೀಡರ್ ಬದಲಿಸೋಣ ಅಂದರೆ ಇಡೀ ಕಾರ್ಖಾನೆಯವರ ಕಾರ್ಡ್ ಬದಲಿಸಬೇಕು.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಕೂತು ಮಾಸ್ಟರಿಗೆ ವಿವರಿಸುತ್ತಿದ್ದೆ. ಅವರು ಬೋಂಡ ಮುರಿದು ಚಟ್ನಿಗೆ ಅದ್ದಿ, "ಗೇಟು ಯಾರು ಕೇಳುದ್ರು?" ಅಂದರು. "ಗೇಟ್ನಾಗೆ ಕಾರ್ಡ್ ತೋರ್ಸಿ ಬತ್ತೀನಿ. ನಂಗೆ ಆ ಒಂದು ಕದವು ಸಾಕು, ಅಮ್ಮಣಿ."

ಅಷ್ಟೇ. ಯಾರೂ ಕೇಳದ ಬಾಗಿಲಿಗಾಗಿ ನಾನು ತಲೆ ಕೆಡಿಸಿಕೊಂಡಿದ್ದೆ. ಆಡಿಟ್ ಇದ್ದದ್ದು ಒಂದು ಬಾಗಿಲಿಗೆ, ಮಾಸ್ಟರಿಗೆ ಬೇಕಿದ್ದದ್ದು ಅದೇ ಬಾಗಿಲು. ಅಲ್ಲೇ ತೀರ್ಮಾನ ಮಾಡಿದೆ: ಒಂದೇ ಬಾಗಿಲು, ಗುಟ್ಟು ಕಾಯುವ ಚಿಪ್, ಗೇಟಿನ ಸುದ್ದಿ ಬಂದ್. ಅವರ ತಟ್ಟೆಯಲ್ಲಿದ್ದ ಇನ್ನೊಂದು ಬೋಂಡವನ್ನು ನಾನೇ ತಿಂದೆ.

ಆ ಜಾತಿಯ ಚಿಪ್ ಎರಡು ತರಿಸಿದೆವು. ಒಂದು ಸೂಜಿಯೊಳಗೆ ಕೂತು ಸೀಲಾಗಿ ಬಂದದ್ದು, ಡಾಕ್ಟರಿಗೆ. ಇನ್ನೊಂದು ಬರೀ ಪರೀಕ್ಷೆಗೆ. ಪರೀಕ್ಷೆಯದಕ್ಕೆ ನಮ್ಮ ಬಾಗಿಲಿನ ಕೀಲಿ ಬರೆದು ರೀಡರಿಗೆ ಹಿಡಿದೆ. ಹತ್ತು ಸಲದಲ್ಲಿ ಒಂದೆರಡು ಸಲ ಓದಿದರೆ ಹೆಚ್ಚು. ಗುಟ್ಟಿನ ಲೆಕ್ಕ ಮಾಡುವ ಚಿಪ್ಪಿಗೆ ಕರೆಂಟ್ ಜಾಸ್ತಿ ಬೇಕು, ಅಕ್ಕಿಕಾಳಿನಷ್ಟು ಸುರುಳಿಗೆ ಅಷ್ಟು ಸಿಗುತ್ತಿಲ್ಲ. ಹಿಡಿಯುವ ಕೋನ ಬದಲಿಸಿದೆ, ರೀಡರಿನ ಶಕ್ತಿ ಪೂರ್ತಿ ಏರಿಸಿದೆ, ಮುಚ್ಚಳ ತೆಗೆದು ನೋಡಿದೆ. ಬರಿಗೈಯಲ್ಲಿ ಹಿಡಿದಾಗಲೇ ಈ ಪಾಡು, ಚರ್ಮದ ಕೆಳಗೆ ಹೋದ ಮೇಲೆ ಇನ್ನೇನು ಗತಿ?

ಅದೇ ಹೊತ್ತಿಗೆ ಮಾಸ್ಟರ್ ಒಂದು ಹಠ ಹಿಡಿದರು. ಚಿಪ್ ಹಾಕುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆ ಜಾಗಕ್ಕೆ. ಬಲಗೈಗೆ ಅಂತ ನಾನು ಯೋಚಿಸಿದ್ದೆ, ಏಕೆಂದರೆ ರೀಡರ್ ಬಾಗಿಲಿನ ಬಲಗಡೆ ಚೌಕಟ್ಟಿನ ಮೇಲಿತ್ತು. ಅವರು ಬಲಗೈ ಕೊಡುವುದೇ ಇಲ್ಲ ಅಂದರು. ಒದ್ದೆ ಬಟ್ಟೆಯನ್ನು ಆ ಎರಡು ಬೆರಳಿನ ಮಧ್ಯೆ ಹಿಸುಕಿ ನೋಡಿಯೇ ಅವರು ಬಣ್ಣ ಇಳಿದಿದೆಯಾ, ಬಟ್ಟೆ ಮೆತ್ತಗಾಗಿದೆಯಾ ಅಂತ ಹೇಳುವುದು. ಅಲ್ಲಿ ಏನೋ ಒಂದು ಒತ್ತುತ್ತಿದ್ದರೆ ತನಗೆ ಬಟ್ಟೆ ಗೊತ್ತಾಗುವುದಿಲ್ಲ, ಎಡಗೈಗೆ ಹಾಕು, ಇಲ್ಲಾಂದರೆ ಬೇಡ.

ಎಡಗೈ ಅಂದರೆ ರೀಡರನ್ನು ಎಡಗಡೆಗೆ ತರಬೇಕು. ಎಡಗಡೆ ಚೌಕಟ್ಟಿನಲ್ಲಿ ಕೀಲುಗಳಿದ್ದವು, ಜಾಗವಿಲ್ಲ. ಗೋಡೆಯನ್ನೇ ಕೊರೆಯಬೇಕು, ವೈರ್ ಹೊಸದಾಗಿ ಎಳೆಯಬೇಕು. ಗೊಣಗಿಕೊಂಡೇ ಕೊರೆದೆ. ಗಾರೆ ಗೋಡೆಯ ಮೇಲೆ ರೀಡರ್ ಕೂರಿಸಿ, ಸುಮ್ಮನೆ ನೋಡೋಣ ಅಂತ ಆ ಪರೀಕ್ಷೆಯ ಚಿಪ್ ಹಿಡಿದೆ. ಹಸಿರು. ಮತ್ತೆ ಹಿಡಿದೆ. ಹಸಿರು. ಇಷ್ಟು ದಿನ ಚಿಪ್ಪಿಗೆ ಸಿಗಬೇಕಾದ ಅಲೆಯನ್ನು ಆ ಬಲಗಡೆಯ ಕಬ್ಬಿಣದ ಚೌಕಟ್ಟು ನುಂಗುತ್ತಿತ್ತು. ಕಬ್ಬಿಣದ ಮೇಲೆ ರೀಡರ್ ಇಡಬಾರದು ಅಂತ ಹೊಸಬರಿಗೆ ಪಾಠ ಹೇಳುವವಳು ನಾನು. ದೊಡ್ಡ ಕಾರ್ಡುಗಳು ಸಲೀಸಾಗಿ ಓದುತ್ತಿದ್ದವಲ್ಲ, ಅದಕ್ಕೆ ನನಗೆ ಆ ಕಡೆ ಯೋಚನೆಯೇ ಹೋಗಿರಲಿಲ್ಲ. ಮಾಸ್ಟರ್ ಹಠ ಹಿಡಿಯದಿದ್ದರೆ ಇವತ್ತಿಗೂ ಆ ಚೌಕಟ್ಟಿನ ಮುಂದೆ ಕುಣಿಯುತ್ತಿದ್ದೆ.

ಇನ್ನು ಚರ್ಮದ ಪರೀಕ್ಷೆ. ತಿರುಪ್ಪೂರಿನ ಕೋಳಿ ಅಂಗಡಿಯಲ್ಲಿ ಚರ್ಮ ಸಮೇತ ಒಂದು ಲೆಗ್ ಪೀಸ್ ಕೇಳಿದೆ. ಅಂಗಡಿಯವನು ಚರ್ಮ ತೆಗೆದು ಕೊಡಲು ಹೊರಟ, ಬೇಡಪ್ಪ ಅಂದೆ. ಕಾರ್ಖಾನೆಗೆ ತಂದು, ಚರ್ಮ ಸ್ವಲ್ಪ ಸೀಳಿ ಚಿಪ್ಪನ್ನು ಒಳಗೆ ತಳ್ಳಿ, ಗ್ಲೌಸ್ ಹಾಕಿಕೊಂಡು ರೀಡರಿಗೆ ಹಿಡಿದೆ. ನಡುವಿಗೆ ಹಿಡಿದರೆ ಇಲ್ಲ. ರೀಡರಿನ ಅಂಚಿಗೆ, ಕೊಳವೆ ಆ ಅಂಚಿಗೆ ಅಡ್ಡಲಾಗಿ ಬರುವ ಹಾಗೆ ಹಿಡಿದರೆ ಟಕ್ ಅಂತ ಬೀಗ ಬಿಡುತ್ತದೆ. ಒಂದು ಸಲವೂ ತಪ್ಪಲಿಲ್ಲ. ಲ್ಯಾಬಿನ ಹೆಂಗಸರು ಬಂದು ಸುತ್ತ ನಿಂತರು. ಕೋಳಿಕಾಲು ಬಾಗಿಲು ತೆರೆದಾಗಲೆಲ್ಲ ಚಪ್ಪಾಳೆ. ಸರಿಯಾದ ಜಾಗ ಮರೆಯಬಾರದು ಅಂತ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ರೀಡರಿನ ಅಂಚಿಗೆ ಅಂಟಿಸಿದೆ.

ಆಗ ಮ್ಯಾನೇಜರ್ ಓಡಿಬಂದರು. ಮಾಸ್ಟರ್ ಅವತ್ತು ರಜೆ, ಅನ್ನೂರಿನ ಮನೆಯಲ್ಲಿದ್ದರು. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನೋಡಿದರೆ ಮಾಸ್ಟರ್ ಮೇಲಿಂದ ಮೇಲೆ ಬಣ್ಣದ ಕೋಣೆಗೆ ಹೋಗುತ್ತಿದ್ದಾರೆ. ಪರೀಕ್ಷೆಯ ಚಿಪ್ಪನ್ನು ನಾನು ಅವರ ಹೆಸರಿಗೇ ಸೇರಿಸಿದ್ದೆ. ಮ್ಯಾನೇಜರ್ ಗಾಬರಿಯಿಂದ ಫೋನ್ ಮಾಡಿ ನೀವು ಎಲ್ಲಿದ್ದೀರಿ ಅಂತ ಕೇಳಿದ್ದಾರೆ, ಮಾಸ್ಟರ್ ಮನೇಲಿ ಅಂದಿದ್ದಾರೆ, ಇವರು ನಂಬಿಲ್ಲ. ನಾನು ಕೋಳಿಕಾಲು ಎತ್ತಿ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆ ಹಿಡಿದುಕೊಂಡು ನಕ್ಕರು. ಪರೀಕ್ಷೆಯ ಚಿಪ್ಪನ್ನು ಅಲ್ಲೇ ಪಟ್ಟಿಯಿಂದ ತೆಗೆದುಹಾಕಿದೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಮಾಸ್ಟರ್ ಹೆಂಡತಿಯ ಒಪ್ಪಿಗೆ ಬೇಕು ಅಂತ ನಾನೇ ಅನ್ನೂರಿಗೆ ಬಸ್ ಹತ್ತಿದೆ. ಆಕೆ ಮಗ್ಗದಿಂದ ಎದ್ದು ಬಂದು, ನನಗೆ ಕಾಫಿ ಕೊಟ್ಟು, ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಒಂದೇ ಒಂದು ಪ್ರಶ್ನೆ ಇತ್ತು.

"ಇದು ಹಾಕುದ್ರೆ ಇವ್ರು ಎಲ್ಲಿ ಸುತ್ತಾವ್ರೆ ಅಂತ ನನ್ನ ಫೋನ್ನಾಗೆ ಕಾಣ್ಸುತ್ತಾ?"

ಇಲ್ಲಮ್ಮ, ಇದಕ್ಕೆ ಬ್ಯಾಟರಿ ಇಲ್ಲ, ಬಾಗಿಲ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ ಅಂದೆ. ಆಕೆಯ ಮುಖ ಸಪ್ಪಗಾಯಿತು. "ಹಂಗಿದ್ರೆ ಹಾಕಿ ನಂಗೇನು ಲಾಭ" ಅಂದು ಮಗ್ಗಕ್ಕೆ ವಾಪಸ್ ಹೋದರು. ಅದನ್ನೇ ಒಪ್ಪಿಗೆ ಅಂದುಕೊಂಡೆವು.

ಕೊಯಮತ್ತೂರಿನ ಸರ್ಜನ್ ಒಬ್ಬರು, ನಮ್ಮ ಕಂಪನಿಯ ಹಳೆಯ ಗ್ರಾಹಕರು, ಚಿಪ್ಪಿನ ಕಾಗದಗಳನ್ನೆಲ್ಲ ಓದಿ ಒಪ್ಪಿದ್ದರು. ಆದರೆ ಮೊದಲ ಸಲ ವಾಪಸ್ ಕಳಿಸಿದರು. ಮಾಸ್ಟರ್ ರಕ್ತದಲ್ಲಿ ಸಕ್ಕರೆ ಏರಿತ್ತು, ಗಾಯ ಬೇಗ ಮಾಯುವುದಿಲ್ಲ, ಇಳಿಸಿಕೊಂಡು ಬನ್ನಿ ಅಂದರು. ಆಡಿಟ್ ಹತ್ತಿರ ಬರುತ್ತಿತ್ತು. ಮಾಸ್ಟರ್ ಟೀಗೆ ಸಕ್ಕರೆ ಬಿಟ್ಟರು, ಸಂಜೆಯ ಜಿಲೇಬಿ ಬಿಟ್ಟರು, ಎಲ್ಲರ ಮೇಲೂ ಸಿಡುಕಿದರು. ಲ್ಯಾಬಿನವರು ನನಗೆ ಫೋನ್ ಮಾಡಿ, ಬೇಗ ಚುಚ್ಚಿಸಿ ಮೇಡಂ, ನಮ್ಮ ಕೈಲಿ ಆಗುತ್ತಿಲ್ಲ ಅಂತ ಬೇಡಿಕೊಂಡರು.

ಎರಡನೇ ಸಲ ಡಾಕ್ಟರ್ ಸರಿ ಅಂದರು. ಕುದಿಯುವ ಬಣ್ಣದ ಮುಂದೆ ಎದೆಯೊಡ್ಡಿ ನಿಲ್ಲುವ ಮನುಷ್ಯ, ಸೂಜಿ ನೋಡಿದ ಕೂಡಲೇ ನನ್ನ ಮಣಿಕಟ್ಟು ಹಿಡಿದುಕೊಂಡರು. ಸೂಜಿಯೂ ಸಣ್ಣದಲ್ಲ ಬಿಡಿ, ಒಳಗೆ ಅಕ್ಕಿಕಾಳು ಹೋಗಬೇಕಲ್ಲ. ಮರಗಟ್ಟುವ ಮದ್ದು ಕೊಟ್ಟು, ಚರ್ಮ ಎತ್ತಿ ಹಿಡಿದು, ಡಾಕ್ಟರ್ ಮೆಲ್ಲಗೆ ಒತ್ತಿದರು. ಮಾಸ್ಟರ್ ಕಣ್ಣು ಮುಚ್ಚಿಕೊಂಡು, "ಆಯ್ತಾ? ಆಯ್ತಾ?" ಅಂತ ಕೇಳುತ್ತಲೇ ಇದ್ದರು. ಡಾಕ್ಟರ್ ಪ್ಲಾಸ್ಟರ್ ಹಾಕಿ ಕೈ ತೊಳೆಯಲು ಹೋದ ಮೇಲೂ ಕೇಳುತ್ತಿದ್ದರು. ನನ್ನ ಮಣಿಕಟ್ಟಿನಲ್ಲಿ ಅವರ ಬೆರಳುಗಳ ಅಚ್ಚು ಉಳಿಯಿತು, ಗೆರೆಗಳಿಲ್ಲದ ಅಚ್ಚು.

ಗಾಯ ಒಣಗುವವರೆಗೆ ಎಡಗೈ ಕೆಮಿಕಲ್ ಮುಟ್ಟುವಂತಿಲ್ಲ. ಕೈಗೇ ಒತ್ತಿ ಹಿಡಿಯುವ ಸಣ್ಣ ಯಂತ್ರದಿಂದ ಒಳಗಿನ ಚಿಪ್ಪಿಗೆ ನಮ್ಮ ಕೀಲಿ ಬರೆದು ಅವರ ಹೆಸರಿಗೆ ಸೇರಿಸಿದೆ. ಆದರೂ ಮೊದಲ ದಿನಗಳಲ್ಲಿ ಬಾಗಿಲು ತೆರೆಯಲಿಲ್ಲ. ಕೈ ಊದಿತ್ತು, ಚಿಪ್ ಆಳದಲ್ಲಿತ್ತು. ಮಾಸ್ಟರ್ ದಿನಾ ಹೋಗಿ ಬೊಟ್ಟಿನ ಮೇಲೆ ಕೈಯಿಟ್ಟು, ಕೆಂಪು ನೋಡಿ, ನನಗೊಂದು ಫೋನ್ ಮಾಡುವುದು. ಊತ ಇಳಿಯಲಿ ಅಂತ ನಾನು ಧೈರ್ಯ ಹೇಳುವುದು. ನನಗೆ ಧೈರ್ಯ ಹೇಳುವವರು ಯಾರೂ ಇರಲಿಲ್ಲ. ಕೋಳಿಕಾಲು ಊದಿಕೊಳ್ಳುವುದಿಲ್ಲವಲ್ಲ, ಆ ಪರೀಕ್ಷೆ ನಾನು ಮಾಡಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಫೋನ್ ಬಂತು. ಆ ಕಡೆಯಿಂದ ಮಾತೇ ಇಲ್ಲ. ಬೀಗ ಟಕ್ ಅಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ನಾನು ಅಡುಗೆಮನೆಯಲ್ಲಿ ನಿಂತವಳು ಸೌಟು ಹಿಡಿದುಕೊಂಡೇ ಕೂಗಿದೆ, ಕುಕ್ಕರ್ ಕೂಡ ಕೂಗಿತು.

ಆಡಿಟ್ ದಿನ ನಾನು ಬೇಗನೇ ಹೋಗಿ ರೀಡರ್ ಒರೆಸಿ ನಿಂತಿದ್ದೆ. ಮ್ಯಾನೇಜರ್, ಸ್ಟೋರ್‌ಕೀಪರ್, ಲ್ಯಾಬಿನವರು ಎಲ್ಲ ಸೇರಿದರು. ಆಡಿಟರ್ ತೋರಿಸಿ ಅಂದರು. ಮಾಸ್ಟರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಆಡಿಟರ್ ಮುಖವನ್ನೇ ನೋಡುತ್ತಾ, ಗತ್ತಿನಿಂದ ಅಂಗೈಯನ್ನು ರೀಡರಿನ ನಡುವಿಗೆ ಒತ್ತಿದರು.

ಕೆಂಪು.

ಸ್ಟೋರ್‌ಕೀಪರ್ ತನ್ನ ಕಾಲು ನೋಡಿಕೊಂಡ. ಬೊಟ್ಟು, ಬೊಟ್ಟು ಅಂತ ನನ್ನ ಬಾಯಿಗೆ ಬಂದದ್ದನ್ನು ನುಂಗಿದೆ, ಬಾಗಿಲು ತೆರೆಯಬೇಕಾದವರು ಅವರು. ಮಾಸ್ಟರ್ ಕೈ ತೆಗೆದರು, ಪ್ಯಾಂಟಿಗೆ ಒರೆಸಿಕೊಂಡರು, ಈ ಸಲ ಆಡಿಟರನ್ನು ಬಿಟ್ಟು ರೀಡರನ್ನು ನೋಡಿದರು. ಕೈ ಸ್ವಲ್ಪ ಓರೆ ಮಾಡಿ ಹೆಬ್ಬೆರಳಿನ ಬುಡವನ್ನು ಬೊಟ್ಟಿಗೆ ಮುಟ್ಟಿಸಿದರು.

ಹಸಿರು. ಟಕ್.

ಆಡಿಟರ್ ಬಿಡಲಿಲ್ಲ. ಕಂಪನಿ ಒತ್ತಾಯ ಮಾಡಿತಾ ಅಂತ ಕೇಳಿದರು. ಇಲ್ಲ, ನಾಯಿ ನೋಡಿ ನನಗೇ ಆಸೆಯಾಯಿತು ಅಂತ ಮಾಸ್ಟರ್ ತಮಿಳಿನಲ್ಲಿ ಹೇಳಿದರು. ಮ್ಯಾನೇಜರ್ ಇಂಗ್ಲಿಷಿಗೆ ಅನುವಾದ ಮಾಡುವಾಗ ನಾಯಿಯನ್ನು ಬಿಟ್ಟುಬಿಟ್ಟರು. ಇದನ್ನು ಇನ್ನೊಬ್ಬರಿಗೆ ಕೊಡಲು ಬರುತ್ತದಾ ಅಂತ ಮುಂದಿನ ಪ್ರಶ್ನೆ. ಮಾಸ್ಟರ್ ತಮ್ಮ ಎಡಗೈಯನ್ನು ಅವರ ಮುಂದೆ ಚಾಚಿ, ಬೇಕಾದರೆ ಎಳೆದು ನೋಡಿ ಅಂದರು. ಆಡಿಟರಿಗೂ ನಗು ಬಂತು. ಒಳಗೆ ಹೇಗಿದೆ ನೋಡೋಣ ಅಂತ ಮಾಸ್ಟರ್ ಹಿಂದೆಯೇ ಕಾಲಿಡಲು ಹೋದರು.

ಮಾಸ್ಟರ್ ಬಾಗಿಲಲ್ಲೇ ತಿರುಗಿ ನಿಂತು ನನ್ನನ್ನು ಕರೆದು ಕನ್ನಡದಲ್ಲಿ ಹೇಳಿದರು: "ಅಮ್ಮಣಿ, ಸಾರ್‌ಗೆ ಹೇಳು. ಅವ್ರ ಕೈಯಾಗೆ ಚಿಪ್ ಇಲ್ಲ, ಒಳಗೆ ಬರಂಗಿಲ್ಲ."

ನಾನು ಹೇಳಿದೆ, ಆಡಿಟರ್ ಹಿಂದೆ ಸರಿದರು, ಬಾಗಿಲು ಮುಚ್ಚಿತು. ಬಾಗಿಲಿನ ಸಣ್ಣ ಗಾಜಿನಿಂದ ನಾವು ನೋಡುತ್ತಾ ನಿಂತೆವು. ಒಳಗೆ ಮಾಸ್ಟರ್ ನಮ್ಮ ಕಡೆ ತಿರುಗಿಯೂ ನೋಡದೆ ತಕ್ಕಡಿಯ ಮೇಲೆ ಪೇಪರ್ ಇಟ್ಟು, ಡಬ್ಬದಿಂದ ನೀಲಿ ತೆಗೆದು, ಚಮಚ ತಟ್ಟಿ ತಟ್ಟಿ ತೂಗಿದರು. ಅವರಿಗೆ ಅವಸರವೇ ಇರಲಿಲ್ಲ. ಆಡಿಟರ್ ಹೊರಗೆ ನಿಂತೇ ಬರೆದರು, ಬರೆದದ್ದನ್ನು ಮ್ಯಾನೇಜರಿಗೆ ತೋರಿಸಿದರು, ಮ್ಯಾನೇಜರ್ ನನ್ನ ಕೈ ಕುಲುಕಿದರು. ಕೋಣೆಯ ಜವಾಬ್ದಾರಿ ಮಾಸ್ಟರದೇ. ಒಳಗಿರುವವರಿಗೆ ಅದನ್ನು ಹೇಳೋಣ ಅಂದರೆ ನಮ್ಮಲ್ಲಿ ಯಾರಿಗೂ ಆ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ಅವರು ತೂಗಿ ಮುಗಿಸಿ ಬರುವವರೆಗೆ ಕಾದೆವು.

ಈಗ ನಿಮ್ಮ ಸರದಿ. ನಿಮ್ಮನ್ನು ಹೊರಗೆ ನಿಲ್ಲಿಸಿದ ಬಾಗಿಲು ಯಾವುದು, ಅದನ್ನು ಹೇಗೆ ಒಲಿಸಿಕೊಂಡಿರಿ? ಬೆರಳು ಸವೆದ ನೇಕಾರರು, ಗಾರೆ ಕೆಲಸದವರು, ಪಾತ್ರೆ ತೊಳೆದು ತೊಳೆದು ರೇಷನ್ ಅಂಗಡಿಯ ಮೆಷಿನ್ ಮುಂದೆ ಒದ್ದಾಡಿದವರು, ಎಲ್ಲರೂ ಕೆಳಗೆ ಬರೆಯಿರಿ. ಮಾಸ್ಟರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನೀವು ಬರೆದದ್ದನ್ನು ಕ್ಯಾಂಟೀನಿನಲ್ಲಿ ಕೂತು ನಾನೇ ಅವರಿಗೆ ಓದಿ ಹೇಳುತ್ತೇನೆ. ಸಂಕೋಚ ಬೇಡ, ಉದ್ದವಾಗಿಯೇ ಬರೆಯಿರಿ.